ರೋಬೋ ವ್ಯಾಕ್ಯೂಮ್ ದಾರಿ ತಪ್ಪಿದರೆ ಮೊದಲು ನೆಲ ನೋಡಿ

ವಿಜಯಪುರ, ಬಾಗಲಕೋಟೆ ಕಡೆಯ ಮನೆಗಳಲ್ಲಿ ರೋಬೋ ವ್ಯಾಕ್ಯೂಮ್ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಸೆನ್ಸರ್ ಹೋಗೇದ ನೋಡ್ರಿ.’ ಸೆನ್ಸರ್ ನಿಜವಾಗಿ ಸುಟ್ಟಿರುವುದು ಅಪರೂಪ. ಅದರ ಮೇಲೆ ಧೂಳು ಕೂತಿರುತ್ತದೆ, ಇಲ್ಲವೇ ಮನೆಯ ನೆಲವೇ ಅದಕ್ಕೆ ಸುಳ್ಳು ಹೇಳುತ್ತಿರುತ್ತದೆ. ಹೊಸ ಭಾಗಕ್ಕೆ ದುಡ್ಡು ಸುರಿಯುವ ಮುಂಚೆ ಐದು ನಿಮಿಷ ಪಕ್ಕದಲ್ಲಿ ನಿಂತು ನೋಡಿ. ಹಿಂದಕ್ಕೆ ಸರಿಯುತ್ತದೆಯೋ, ನಿಂತಲ್ಲೇ ಗಿರಗಿರ ಸುತ್ತುತ್ತದೆಯೋ, ಫೋನಿನ ಆ್ಯಪಿನಲ್ಲಿ ತೋರಿಸುವ ಮನೆಯ ಮ್ಯಾಪನ್ನು ಸೊಟ್ಟ ಬಿಡಿಸುತ್ತದೆಯೋ? ಮೂರಕ್ಕೂ ಮದ್ದು ಬೇರೆ.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಕ್ಲಿಫ್ ಸೆನ್ಸರ್. ಯಂತ್ರವನ್ನು ಬೋರಲು ಹಾಕಿದರೆ ಅಂಚಿನ ಸುತ್ತ ನಾಲ್ಕೋ ಆರೋ ಸಣ್ಣ ಗಾಜಿನ ಕಿಂಡಿಗಳು ಕಾಣುತ್ತವೆ. ಪ್ರತಿ ಕಿಂಡಿಯಿಂದ ಇನ್‌ಫ್ರಾರೆಡ್ ಬೆಳಕು ನೆಲಕ್ಕೆ ಬಿದ್ದು ಮರಳಿ ಬರಬೇಕು. ಬರದಿದ್ದರೆ ‘ಮುಂದೆ ಮೆಟ್ಟಿಲಿದೆ’ ಎಂದು ತಿಳಿದು ಹಿಂದಕ್ಕೆ ಸರಿಯುತ್ತದೆ. ಕಪ್ಪು ಬಣ್ಣ ಈ ಬೆಳಕನ್ನು ನುಂಗುತ್ತದೆ. ಈಗ ನಮ್ಮ ಪಡಸಾಲೆಗಳನ್ನು ನೆನಪಿಸಿಕೊಳ್ಳಿ: ಬಿಳಿ ಟೈಲ್ಸಿನ ಸುತ್ತ ಚಂದಕ್ಕೆಂದು ಹಾಕಿದ ನಾಲ್ಕಿಂಚಿನ ಕಪ್ಪು ಗ್ರಾನೈಟ್ ಬಾರ್ಡರ್, ಅಡುಗೆಮನೆ ಬಾಗಿಲಿಗೆ ಕಡಪಾ ಕಲ್ಲಿನ ಪಟ್ಟಿ, ಕೆಳಗೆ ಹಾಸಿದ ಕರಿ ಕಂಬಳಿ. ರೋಬೋ ಆ ಬಾರ್ಡರಿನೊಳಗೇ ಬಾವಿಯಲ್ಲಿ ಬಿದ್ದಂತೆ ತಿರುಗುತ್ತಿರುತ್ತದೆ. ಯಂತ್ರ ಸರಿಯಾಗಿಯೇ ಇರುತ್ತದೆ.

ಪರೀಕ್ಷೆ ಸುಲಭ. ಕಪ್ಪಿಲ್ಲದ ಕೋಣೆಯಲ್ಲಿ ಹತ್ತು ನಿಮಿಷ ಓಡಿಸಿ. ಅಲ್ಲಿ ಸರಿ ಹೋದರೆ ದೋಷ ನೆಲದ್ದು. ಅಲ್ಲೂ ಹಿಂದೆ ಸರಿದರೆ ಸ್ವಿಚ್ ಆರಿಸಿ, ಕಿಂಡಿಗಳನ್ನು ಒಣ ಮೈಕ್ರೋಫೈಬರ್ ಅರಿವೆಯಿಂದ ಒರೆಸಿ. ಜಿಗುಟು ಹೋಗದಿದ್ದರೆ ಇಯರ್ ಬಡ್ಡಿಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತಿಕ್ಕಿ. ಮೊಬೈಲ್ ರಿಪೇರಿಯವರು ಬಳಸುವುದು ಇದನ್ನೇ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಬೇಡ, ಪ್ಲಾಸ್ಟಿಕ್ ಮಬ್ಬಾಗಿ ಕಿಂಡಿ ಶಾಶ್ವತವಾಗಿ ಕುರುಡಾಗುತ್ತದೆ. ಮತ್ತೊಂದು ಪರೀಕ್ಷೆ: ಯಂತ್ರ ಚಾಲೂ ಮಾಡಿ ಕಿಂಡಿಗಳನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಹಲವು ಫೋನುಗಳಲ್ಲಿ ನಸುನೇರಳೆ ಬೆಳಕು ಕಾಣುತ್ತದೆ. ಉಳಿದವು ಬೆಳಗಿ ಒಂದು ಮಾತ್ರ ಕತ್ತಲಾಗಿದ್ದರೆ ಆಗ ಸೆನ್ಸರ್ ಹೋಗಿದೆ ಎನ್ನಬಹುದು. ಎಲ್ಲವೂ ಕತ್ತಲಿದ್ದರೆ ಏನೂ ಹೇಳಲು ಬರುವುದಿಲ್ಲ, ಎತ್ತಿದ ಕೂಡಲೇ ಕೆಲವು ಯಂತ್ರಗಳು ಬೆಳಕು ಆರಿಸುತ್ತವೆ.

ಕಿಂಡಿಗಳ ಮೇಲೆ ಬಿಳಿ ಕಾಗದ ಅಂಟಿಸಿ ಯಂತ್ರವನ್ನು ಏಮಾರಿಸುವ ಉಪಾಯವೂ ಚಾಲ್ತಿಯಲ್ಲಿದೆ. ಮನೆಯಲ್ಲಿ ಕೆಳಕ್ಕಿಳಿಯುವ ಒಂದೇ ಒಂದು ಮೆಟ್ಟಿಲಿದ್ದರೂ ಈ ಕೆಲಸ ಮಾಡಬೇಡಿ.

ಮಧ್ಯಾಹ್ನದ ಮೇಲೆ ಮಾತ್ರ ತಕರಾರು ಶುರುವಾಗುವುದಿದ್ದರೆ ಬಿಸಿಲನ್ನು ನೋಡಿ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಪಡುವಣ ಕಿಟಕಿಯಿಂದ ನೆಲಕ್ಕೆ ಬಿದ್ದ ಬಿಸಿಲಪಟ್ಟಿ ಸೆನ್ಸರನ್ನು ಕಂಗೆಡಿಸುತ್ತದೆ. ಪರದೆ ಎಳೆಯಿರಿ, ಇಲ್ಲವೇ ಬೆಳಿಗ್ಗೆ ಎಂಟರೊಳಗೆ ಓಡಿಸಿ.

ಇನ್ನು ಮೇಲಿನ ಗುಂಡು ಗೋಪುರ, ಅಂದರೆ ಲೈಡಾರ್. ಒಳಗಿನ ಲೇಸರ್ ಸೆಕೆಂಡಿಗೆ ಸುಮಾರು 5 ಸುತ್ತು ತಿರುಗಿ ಗೋಡೆಗಳ ದೂರ ಅಳೆಯುತ್ತದೆ. ತಿರುಗಿಸುವುದು ಪುಟ್ಟ ಮೋಟರ್, ಎಷ್ಟೋ ಮಾಡೆಲ್‌ಗಳಲ್ಲಿ ನಡುವೆ ಒಂದು ರಬ್ಬರ್ ಬೆಲ್ಟ್. ನಮ್ಮ ಎರೆಮಣ್ಣಿನ ನುಣುಪು ಧೂಳು, ಜೋಳದ ರಾಶಿಯ ದಿನಗಳ ಹೊಟ್ಟು, ರೊಟ್ಟಿ ಹಿಟ್ಟು ಎಲ್ಲವೂ ಸೇರಿ ಆ ಸಂದಿಗೆ ಇಳಿಯುತ್ತವೆ. ಸ್ವಿಚ್ ಆರಿಸಿ ಬೆರಳಿನಿಂದ ಗೋಪುರ ತಿರುಗಿಸಿ: ಒಂದೇ ಹದದ ಬಿಗಿ ಇರಬೇಕು. ಎಲ್ಲಾದರೂ ತಡೆದರೆ ಕೂದಲೋ ಹರಳೋ ಸಿಕ್ಕಿದೆ. ಆಮೇಲೆ ಚಾಲೂ ಮಾಡಿ ಕಿವಿಗೊಡಿ. ಮೋಟರಿನ ಸದ್ದಿದ್ದೂ ಗೋಪುರ ತಿರುಗದಿದ್ದರೆ ಬೆಲ್ಟ್ ಜಾರಿದೆ ಅಥವಾ ಸಡಿಲಾಗಿದೆ. ಶುರುವಿನಲ್ಲಿ ತಿರುಗಿ ಒಂದೆರಡು ನಿಮಿಷದ ಮೇಲೆ ನಿಧಾನವಾಗಿ ಎರರ್ ಕೊಟ್ಟರೆ ಮೋಟರ್ ಸವೆದಿರುವ ಅನುಮಾನ. ಅನೇಕ ಮಾಡೆಲ್‌ಗಳಿಗೆ ಬೆಲ್ಟ್, ಮೋಟರ್ ಬಿಡಿಯಾಗಿ ಸಿಗುತ್ತವೆ, ಇಡೀ ಲೈಡಾರ್ ಕೊಳ್ಳಬೇಕಾಗಿಲ್ಲ. ಕ್ಯಾಮೆರಾ ಒರೆಸುವವರ ರಬ್ಬರ್ ಬ್ಲೋವರಿನಿಂದ ಊದಿ, ಪಂಕ್ಚರ್ ಅಂಗಡಿಯ ಗಾಳಿ ಹಿಡಿಯಬೇಡಿ, ಮಣ್ಣು ಬೇರಿಂಗಿನೊಳಕ್ಕೇ ಹೋಗುತ್ತದೆ. ಬೆಲ್ಟಿಗೆ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಗೋಪುರವನ್ನು ಬಿಚ್ಚಿ ಓಡಿಸಿ ಲೇಸರಿಗೆ ಕಣ್ಣು ಹಚ್ಚಬೇಡಿ.

ಮ್ಯಾಪಿನಲ್ಲಿ ಇಲ್ಲದ ಕೋಣೆ ಮೂಡಿದರೆ ಅದು ಕನ್ನಡಿಯ ಆಟ. ತಿಜೋರಿಯ ಕನ್ನಡಿಯನ್ನು ಬಯ್ಯುವ ಮುಂಚೆ ಪಟ್ಟಿ ಹಿಡಿದು ಅಳೆಯಿರಿ: ಲೇಸರ್ ಓಡುವುದು ನೆಲದಿಂದ ಹತ್ತು ಸೆಂಟಿಮೀಟರ್ ಆಸುಪಾಸಿನಲ್ಲಿ. ಕನ್ನಡಿ ಅದಕ್ಕಿಂತ ಸಾಕಷ್ಟು ಮೇಲಿದ್ದರೆ ಅದರ ತಪ್ಪಿಲ್ಲ. ನೆಲ ಮುಟ್ಟುವ ಕನ್ನಡಿಗೂ ಗಾಜಿನ ಬಾಗಿಲಿಗೂ ಗೋಪುರದ ಎತ್ತರದಲ್ಲಿ ಹೊಳಪಿಲ್ಲದ ಕಾಗದದ ಪಟ್ಟಿ ಅಂಟಿಸಿದರೆ ಸಾಕು.

ಮ್ಯಾಪ್ ಸೊಟ್ಟವಾಗಿ ಒಂದೇ ಗೋಡೆ ಎರಡು ಸಲ ಕಂಡರೆ ಗಾಲಿ ನೋಡಿ. ಗಾಲಿ ಎಷ್ಟು ತಿರುಗಿತು ಎಂಬ ಲೆಕ್ಕ, ಗೈರೋ (ತಿರುವು ಅಳೆಯುವ ಸೆನ್ಸರ್) ಹೇಳುವ ದಿಕ್ಕು, ಲೇಸರಿನ ಅಳತೆ ಮೂರೂ ತಾಳೆಯಾಗಬೇಕು. ಮುಂದಿನ ಪುಟ್ಟ ಗಾಲಿಯನ್ನು ನೇರಕ್ಕೆ ಎಳೆದರೆ ಬಹುತೇಕ ಯಂತ್ರಗಳಲ್ಲಿ ಕೈಗೆ ಬರುತ್ತದೆ. ಅದರ ಅಚ್ಚಿಗೆ ಕೂದಲು, ಇಳಕಲ್ ಸೀರೆಯ ಸೆರಗಿನ ಎಳೆ ಬಿಗಿಯಾಗಿ ಸುತ್ತಿರುತ್ತವೆ, ಬ್ಲೇಡಿನಿಂದ ಕೊಯ್ದು ತೆಗೆಯಿರಿ. ದೊಡ್ಡ ಗಾಲಿಗಳನ್ನು ಒತ್ತಿ ಬಿಟ್ಟರೆ ಎರಡೂ ಒಂದೇ ಸಮ ಪುಟಿಯಬೇಕು. ಜಮಖಾನೆಯ ಮೇಲೆ ಗಾಲಿ ಜಾರಿದರೂ ಲೆಕ್ಕ ಕೆಡುತ್ತದೆ. ಓಡುವಾಗ ಎತ್ತಿ ಬೇರೆ ಕೋಣೆಯಲ್ಲಿಡುವ ಚಾಳಿ ಬಿಡಿ. ಡಾಕಿಗೆ, ಅಂದರೆ ಅದರ ಚಾರ್ಜಿಂಗ್ ಪೀಠಕ್ಕೆ ಇಟ್ಟು, ಅಲ್ಲಿಂದಲೇ ಹೊರಡಿಸಿ.

ಏನೂ ಎದುರಿಲ್ಲದೆ ಸುತ್ತುತ್ತಿದ್ದರೆ, ಹೆಜ್ಜೆಗೊಮ್ಮೆ ಹಿಂದೆ ಬರುತ್ತಿದ್ದರೆ ಬಂಪರನ್ನೂ ತಟ್ಟಿ ನೋಡಿ. ಎಡ, ಬಲ, ನಡುವೆ ಒತ್ತಿದರೆ ಟಕ್ಕೆಂದು ಒಳಹೋಗಿ ತಾನೇ ಹೊರಬರಬೇಕು. ಬರದಿದ್ದರೆ ಸಂದಿಯಲ್ಲಿ ಹಳೆಯ ಎಟಿಎಂ ಕಾರ್ಡ್ ಆಡಿಸಿ. ಹೆಚ್ಚಾಗಿ ಒಂದು ಜೋಳದ ಕಾಳು ಉದುರುತ್ತದೆ.

ಡಾಕ್ ಸಿಗದೆ ಅಲೆದರೆ ಡಾಕಿನ ಎಡಬಲಕ್ಕೆ ಅರ್ಧ ಮೀಟರ್, ಮುಂದೆ ಒಂದೂವರೆ ಮೀಟರ್ ಜಾಗ ಖಾಲಿ ಬಿಡಿ. ಕರೆಂಟ್ ಹೋದರೆ ಡಾಕಿನ ಸಿಗ್ನಲ್ಲೂ ಹೋಗುತ್ತದೆ, ಬಡಪಾಯಿ ಬ್ಯಾಟರಿ ಮುಗಿಯುವ ತನಕ ಹುಡುಕುತ್ತದೆ. ಡಾಕನ್ನು ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಹಾಕಿ. ವೈಫೈ ಹೋದದ್ದಕ್ಕೆ ಮಾತ್ರ ದಾರಿ ತಪ್ಪುವುದಿಲ್ಲ, ರೌಟರನ್ನು ಸುಮ್ಮನೆ ಆರಿಸಿ ಹಚ್ಚಬೇಡಿ.

ಇಷ್ಟೆಲ್ಲ ಆದ ಮೇಲೆ ಹಳೆಯ ಮ್ಯಾಪ್ ಅಳಿಸಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು ಹೊಸದು ಮಾಡಿಸಿ. ರಾಶಿಯ ಕಾಲದಿಂದ ಮುಂಗಾರು ಬೀಳುವ ತನಕ ಕಿಂಡಿಗಳನ್ನು ವಾರಕ್ಕೊಮ್ಮೆ ಒರೆಸಬೇಕು, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ನಡೆಯುತ್ತದೆ.