ನಾನು ಅವಸರದಲ್ಲಿ ಕೊಟ್ಟ ಸ್ಟಾಪ್

ರಾತ್ರಿ 2 ಗಂಟೆ 10 ನಿಮಿಷಕ್ಕೆ ಬಂದ ವರ್ದಿಯ, ಅಂದರೆ ಬೆಂಕಿ ಕರೆಯ, ವಿಳಾಸವನ್ನು ವಾಚ್‌ರೂಮಿನ ಹುಡುಗ ಓದಿ ಹೇಳಿದಾಗ, ಅವನು ತಪ್ಪಿ ಸಂಜೆಯ ನಮೂದನ್ನೇ ಓದುತ್ತಿದ್ದಾನೆ ಎಂದುಕೊಂಡೆ. ಹತ್ತಿಯಿಂದ ಬೀಜ ಬಿಡಿಸುವ ಅದೇ ಜಿನ್ನಿಂಗ್ ಮಿಲ್ಲು, ಅದೇ ಗೋದಾಮು. ಸುಮಾರು ಆರು ಗಂಟೆಗಳ ಹಿಂದೆ, 8:15ಕ್ಕೆ, ಬೆಂಕಿ ಹತೋಟಿಗೆ ಬಂತು, ಇನ್ನು ನೆರವು ಬೇಡ ಎಂಬ ಸ್ಟಾಪ್ ಮೆಸೇಜನ್ನು ಅಲ್ಲಿಂದ ಕೊಟ್ಟವಳು ನಾನೇ.

ನಾನು ವಿಜಯಪುರ ಜಿಲ್ಲೆಯವಳು. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ ಓದಿ, ಗಡಿಯಾಚೆ ಮಹಾರಾಷ್ಟ್ರದ ಒಂದು ಪಟ್ಟಣದಲ್ಲಿ ಅಗ್ನಿಶಾಮಕ ಅಧಿಕಾರಿಯಾಗಿದ್ದೇನೆ. ಆ ಕಾಲೇಜಿಗೆ ಮೊದಲ ಹೆಣ್ಣುಮಗಳಾಗಿ ಹರ್ಷಿಣಿ ಕಾನ್ಹೇಕರ್ ಅವರು ಸೇರಿದ್ದು 2002ರಲ್ಲಿ. ಅವರ ಹಿಂದೆ ಬಂದ ನಮಗೆ ಪ್ರವೇಶಕ್ಕಾಗಿ ಸೆಣಸಬೇಕಾಗಲಿಲ್ಲ. ಆದರೆ ಒಂದು ಕೆಲಸ ತಡವಾದರೆ, ಹೆಂಗಸು ಇನ್‌ಚಾರ್ಜ್ ಆಗಿದ್ದಕ್ಕೆ ತಡವಾಯಿತು ಎಂಬ ಮಾತು ನಮ್ಮ ಬಂಬು (ಅಗ್ನಿಶಾಮಕ ವಾಹನ) ಸ್ಟೇಷನ್ನಿಗೆ ಮರಳುವ ಮೊದಲೇ ಅಲ್ಲಿಗೆ ತಲುಪಿರುತ್ತಿತ್ತು. ಆ ಸಂಜೆಯ ನನ್ನ ನಿರ್ಧಾರದ ಹಿಂದೆ ಆ ಮಾತಿನ ಭಯವಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಕಾರಣ ಅದೇ ಆಗಿದ್ದರಿಂದ ಹೇಳುತ್ತಿದ್ದೇನೆ.

ಸಂಜೆ ಹೊತ್ತಿದ್ದು ಪ್ರೆಸ್ ಮಾಡಿ ಕಟ್ಟಿದ ಹತ್ತಿಯ ಬೇಲ್‌ಗಳ ಒಂದೇ ಒಂದು ಅಟ್ಟಿ. ಎರಡು ಬ್ರಾಂಚ್ (ನೀರು ಚಿಮ್ಮಿಸುವ ಹೋಸಿನ ಮೂತಿ) ಹಚ್ಚಿ ಒಂದೂವರೆ ಗಂಟೆಯಲ್ಲಿ ಉರಿಯನ್ನು ಅಡಗಿಸಿದ್ದೆವು. ಇಪ್ಪತ್ತಾರು ವರ್ಷ ಸರ್ವಿಸ್ ಆದ ನಮ್ಮ ಲೀಡಿಂಗ್ ಫೈರ್‌ಮನ್ ಕಾಕಾ ನನ್ನ ಪಕ್ಕಕ್ಕೆ ಬಂದು, ಬೇರೆಯವರಿಗೆ ಕೇಳಿಸದ ಹಾಗೆ, "ಮೇಡಂ, ಪಟ್ಟಿ ಕತ್ತರಿಸಿ ಬೇಲ್‌ಗಳನ್ನು ಅಂಗಳಕ್ಕೆ ಎಳೆದುಬಿಡೋಣ" ಎಂದರು. ಹಾಗೆ ಮಾಡಿದರೆ ಇನ್ನೂ ಮೂರು ಗಂಟೆ ಬೇಕಾಗುತ್ತಿತ್ತು. ಉಳಿದ ಮಾಲು ಕೆಡುತ್ತದೆಂದು ಮಿಲ್ಲಿನ ಮ್ಯಾನೇಜರ್ ಒಂದೆಡೆ ಗೋಗರೆಯುತ್ತಿದ್ದರೆ, ಕಂಟ್ರೋಲ್ ರೂಮಿನವರು ಎರಡನೆಯ ಸಲ ಸ್ಥಿತಿ ಕೇಳಿದ್ದರು. ನಾನು ಗ್ಲೌಸ್ ತೆಗೆದು ನಾಲ್ಕೈದು ಬೇಲ್‌ಗಳ ಮೇಲೆ ಕೈಯಿಟ್ಟು ನೋಡಿದೆ, ಎಲ್ಲವೂ ತಣ್ಣಗಿದ್ದವು. "ಬೇಡ ಕಾಕಾ, ಆಯಿತು" ಎಂದೆ. ಅವರು ಮರುಮಾತಾಡದೆ ಹೋಸ್ ಸುತ್ತತೊಡಗಿದರು.

ಹತ್ತಿಯ ಮೈಮೇಲಿನ ತಂಪು ನಂಬುವಂಥದ್ದಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಸಂಸ್ಕರಿಸದ ಹತ್ತಿಯ ಎಳೆಗೆ ಮೇಣದ ಲೇಪವಿರುತ್ತದೆ. ಸುಮಾರು 170 ಕಿಲೋ ಹತ್ತಿಯನ್ನು ಒತ್ತಿ ಕಟ್ಟಿದ ಬೇಲ್‌ನ ಮೇಲೆ ಎಷ್ಟು ನೀರು ಸುರಿದರೂ ಬಹುಪಾಲು ಹೊರಗಿನಿಂದಲೇ ಜಾರಿ ಹೋಗುತ್ತದೆ. ಎಳೆಗಳ ನಡುವೆ ಸಿಕ್ಕ ಗಾಳಿಯನ್ನೇ ಉಂಡು ಕಿಡಿಯು ಹೊಗೆಯನ್ನೂ ತೋರದೆ ಒಳಗೊಳಗೇ ನಡೆಯುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಪ್ರತಿ ವರ್ಷ ಏಪ್ರಿಲ್ 14ರಂದು ಶಾಲೆಯ ಮಕ್ಕಳನ್ನು ಕೂರಿಸಿಕೊಂಡು 1944ರ ಬಾಂಬೆ ಡಾಕ್ ಸ್ಫೋಟದ ಕಥೆಯನ್ನು ಹೇಳುವವಳು ನಾನೇ. ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಹತ್ತಿಯ ಬೇಲ್‌ಗಳೂ ಇದ್ದವು, ಸ್ಫೋಟಕಗಳೂ ಇದ್ದವು. ಸುಮಾರು 900 ಟನ್ ನೀರು ಹಾಯಿಸಿದರೂ ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಸಿಗಲಿಲ್ಲ. ನಮ್ಮ ವೃತ್ತಿಯ 66 ಜನ ಅಲ್ಲಿ ಸತ್ತರು. ಅವರ ಹೆಸರಿನಲ್ಲಿ ಮೌನ ಆಚರಿಸುವ ನಾನು, ಹತ್ತಿಯ ಬೇಲ್ ಮೇಲೆ ಅಂಗೈ ಇಟ್ಟು ಬೆಂಕಿ ಆರಿದೆ ಎಂದು ತೀರ್ಮಾನಿಸಿದ್ದೆ.

ರಾತ್ರಿ ನಾವು ತಲುಪುವಾಗ ಹಿಂಬದಿಯ ಅಟ್ಟಿಗಳು ಹೊತ್ತಿ, ತಗಡಿನ ಛಾವಣಿ ಒಂದು ಕಡೆ ಜೋತುಬಿದ್ದಿತ್ತು. ಹೋಸ್ ಬಿಚ್ಚುತ್ತಿದ್ದಾಗ ಮ್ಯಾನೇಜರ್ ಓಡಿಬಂದು, ಕಾವಲುಗಾರ ಒಳಗೇ ಮಲಗಿದ್ದಾನೆ ಎಂದ. ಯಾಕೆ ಒಳಗೆ ಮಲಗಿದ ಎಂದು ನಾನು ಕೂಗಿದೆ. "ನೀವೇ ಆರಿದೆ ಅಂದಿರಲ್ಲ ಮೇಡಂ" ಎಂದನಾತ.

ಕಾಕಾ ಮತ್ತು ನಾನು ಬಿ.ಎ. ಸೆಟ್ (ಗಾಳಿಯ ಸಿಲಿಂಡರ್ ಮತ್ತು ಮಾಸ್ಕ್ ಇರುವ ಉಸಿರಾಟದ ಸಾಧನ) ತೊಟ್ಟು ಎಡಗೈಯನ್ನು ಗೋಡೆಗೆ ಹಚ್ಚಿ ಒಳಗೆ ನಡೆದೆವು. ನಮ್ಮಲ್ಲಿರುವ ಮಾಸ್ಕ್‌ಗಳೆಲ್ಲ ಒಂದೇ ಅಳತೆಯವು, ಗಂಡಸರ ಮುಖಕ್ಕೆ ಹೊಂದುವಂಥವು. ನನ್ನ ಗದ್ದದ ಬಳಿ ಸೀಲ್ ಕೂರುವುದಿಲ್ಲ, ಪಟ್ಟಿಯನ್ನು ಎಷ್ಟು ಬಿಗಿದರೂ ಗಾಳಿ ಸೋರುತ್ತದೆ. ಪ್ರತಿ ಉಸಿರಿಗೂ ಗೇಜ್‌ನ ಮುಳ್ಳು ಇಳಿಯುವುದನ್ನು ನೋಡುತ್ತ, ಕಾಕಾರ ಗಾಳಿಗಿಂತ ನನ್ನ ಗಾಳಿ ಬೇಗ ಮುಗಿಯುತ್ತದೆ, ಆಗ ನನ್ನಿಂದಾಗಿ ಇಬ್ಬರೂ ಹಿಂತಿರುಗಬೇಕಾಗುತ್ತದೆ ಎಂಬ ಲೆಕ್ಕವೊಂದೇ ತಲೆಯಲ್ಲಿತ್ತು. ಟಾರ್ಚಿನ ಬೆಳಕು ಒಂದು ಮೊಳದಾಚೆ ಹೋಗುತ್ತಿರಲಿಲ್ಲ. ತೂಕದ ಕಾಟಾದ ಹಿಂದೆ ನನ್ನ ಬೂಟಿಗೆ ತಾಗಿದ್ದು ಮೊದಲು ಅವನ ಹಾಸಿಗೆ, ಆಮೇಲೆ ಅವನ ಕಾಲು. ಎಳೆದು ಹೊರಗೆ ತರುವಷ್ಟರಲ್ಲಿ ಗಾಳಿ ಮುಗಿಯುತ್ತ ಬಂದಿದೆಯೆಂದು ನನ್ನ ಸೆಟ್ಟಿನ ಸೀಟಿ ಊದತೊಡಗಿತ್ತು. ಆ್ಯಂಬುಲೆನ್ಸಿನಲ್ಲಿ ಆಮ್ಲಜನಕ ಕೊಟ್ಟ ಮೇಲೆ ಅವನು ಒಮ್ಮೆ ಕೆಮ್ಮಿದ. ಆ ಕೆಮ್ಮು ಕೇಳುವವರೆಗೆ ನಾನು ಯಾರ ಮುಖವನ್ನೂ ನೋಡಿರಲಿಲ್ಲ.

ಅವನು ಉಳಿದ, ಒಂಬತ್ತು ದಿನಕ್ಕೆ ಮನೆಗೆ ಹೋದ. ಈಗ ನಾನು ಪಟ್ಟಿ ಕತ್ತರಿಸಿ, ಬೇಲ್ ಬಿಡಿಸಿ, ಅಂಗಳದಲ್ಲಿ ಹರವಿಸದೆ ಹತ್ತಿಯ ವರ್ದಿಗೆ ಸ್ಟಾಪ್ ಕೊಡುವುದಿಲ್ಲ. ಒಂದು ಬಂಬನ್ನು ರಾತ್ರಿಯಿಡೀ ಅಲ್ಲಿಯೇ ನಿಲ್ಲಿಸುತ್ತೇನೆ. ಇದಕ್ಕೆ ಬೇಕಾದ ನೀರನ್ನು ಹತ್ತಿಯೊಳಗೆ ಇಳಿಸುವ ವೆಟ್ಟಿಂಗ್ ಏಜೆಂಟ್, ಬಿಸಿಯನ್ನು ತೋರಿಸುವ ಥರ್ಮಲ್ ಕ್ಯಾಮೆರಾ ಮತ್ತು ಸಣ್ಣ ಅಳತೆಯ ಮಾಸ್ಕ್‌ಗಳಿಗೆ ಮೂರು ಬಾರಿ ಇಂಡೆಂಟ್ (ಬೇಡಿಕೆ ಪತ್ರ) ಕಳಿಸಿದ್ದೇನೆ, ಮೂರು ಬಾರಿಯೂ ಬಜೆಟ್ ಇಲ್ಲವೆಂಬ ಷರಾ ಬರೆದುಕೊಂಡು ಕಡತ ಮರಳಿದೆ.

ವಿಚಾರಣೆಯ ಹೇಳಿಕೆಯಲ್ಲಿ, ಬೇಲ್ ಹೊರಗೆಳೆಯಲು ಲೀಡಿಂಗ್ ಫೈರ್‌ಮನ್ ಸೂಚಿಸಿದ್ದರು, ನಾನು ಬೇಡವೆಂದೆ ಎಂದು ಬರೆದಿದ್ದೆ. ಆ ಒಂದು ವಾಕ್ಯವನ್ನು ಬಿಟ್ಟುಬಿಟ್ಟರೆ ನನಗೆ ಒಳ್ಳೆಯದೆಂದು ಮೇಲಧಿಕಾರಿಯೊಬ್ಬರು ಸಲಹೆ ಕೊಟ್ಟರು. ನಾನು ಬಿಡಲಿಲ್ಲ. ಕಾಕಾ ಆ ಹೇಳಿಕೆಯನ್ನು ಓದಿದ್ದಾರೋ ಇಲ್ಲವೋ ನಾನು ಕೇಳಿಲ್ಲ. ಆದರೆ ಈಗ ಅವರು ಹೇಳಬೇಕಾದ್ದನ್ನು ಪಕ್ಕಕ್ಕೆ ಬಂದು ಪಿಸುಗುಟ್ಟುವುದಿಲ್ಲ, ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಾರೆ.