ಟಿಪ್ಪಣಿಗಳಿಗೆ ಸಾದಾ ಪಠ್ಯದ ಫೈಲೇ ಸಾಕು

ತೋಟದ ಕೆಲಸ, ಓದಿದ ಪುಸ್ತಕಗಳಿಂದ ಬರೆದಿಟ್ಟುಕೊಂಡ ಸಾಲುಗಳು, ಮನೆಯ ಕಾಗದಪತ್ರಗಳ ವಿವರ, ಹೀಗೆ ನನ್ನ ಟಿಪ್ಪಣಿಗಳೆಲ್ಲ ನೋಟ್‌ಪ್ಯಾಡ್‌ನಲ್ಲಿ ತೆರೆಯುವ, ಬರೀ ಅಕ್ಷರಗಳಷ್ಟೇ ಇರುವ ಸಾದಾ ಪಠ್ಯದ ಫೈಲುಗಳಲ್ಲಿವೆ. ಇದಕ್ಕೆಂದೇ ಇರುವ ಆ್ಯಪ್‌ಗಳು ಬೇಕಾದಷ್ಟಿವೆ. ಆದರೆ ಶಿರಸಿಯ ಸುತ್ತಲಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಅದರ ಬೆನ್ನಿಗೇ ಮೊಬೈಲ್ ಸಿಗ್ನಲ್ಲೂ ಹೋಗುವುದರಿಂದ, ನೆಟ್‌ವರ್ಕ್ ಇಲ್ಲದೆ ತೆರೆಯದ ಟಿಪ್ಪಣಿ ನಮಗೆ ಇದ್ದೂ ಇಲ್ಲದಂತೆ.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ವಿಷಯ ಇನ್ನೊಂದಿದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಆಯಾ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಷ್ಟೇ ಕಾಣುತ್ತದೆ. ಸಾದಾ ಪಠ್ಯದಲ್ಲಿ ಫಾಂಟಿನ ಹೆಸರನ್ನು ದಾಖಲಿಸಲು ಜಾಗವೇ ಇಲ್ಲ, ಆದ್ದರಿಂದ ಅದನ್ನು ಯೂನಿಕೋಡ್ ಸಂಕೇತಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ರೂಪದಲ್ಲಿಯೇ ಉಳಿಸಬೇಕು. ವಿಂಡೋಸ್‌ನ ನೋಟ್‌ಪ್ಯಾಡ್ 2019ರಿಂದ ಈಚೆಗೆ ತಾನಾಗಿಯೇ ಹಾಗೆ ಉಳಿಸುತ್ತದೆ. ಹಳೆಯ ಆವೃತ್ತಿಗಳಲ್ಲಿ ಕನ್ನಡಕ್ಕೆ ಜಾಗವಿಲ್ಲದ ಆನ್ಸಿ ಎಂಬ ಆಯ್ಕೆಯನ್ನು ಬದಲಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ವರ್ಣಕ್ಕೂ, ಗುಣಿತದ ಚಿಹ್ನೆಗೂ 3 ಬೈಟ್ ಬೇಕು. ಹಾಗಿದ್ದೂ ವರ್ಷವಿಡೀ ಬರೆದದ್ದು ಮೊಬೈಲಿನ ಒಂದು ಫೋಟೋದಷ್ಟು ಜಾಗ ಹಿಡಿದರೆ ಹೆಚ್ಚು.

ಫೋಲ್ಡರಿನೊಳಗೆ ಫೋಲ್ಡರ್ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ. ವ್ಯವಸ್ಥೆಯೆಲ್ಲ ಹೆಸರಿನಲ್ಲಿದೆ: ‘2024-06-05-ಮದ್ದು’. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿದ್ದರೆ ಕಂಪ್ಯೂಟರ್ ಹೆಸರಿನ ಪ್ರಕಾರ ಜೋಡಿಸಿದ್ದೇ ಕಾಲಾನುಕ್ರಮವಾಗುತ್ತದೆ. ಆ ಫೈಲಿನಲ್ಲಿರುವುದು ಇಷ್ಟು: ‘ಮೃಗಶಿರ ಮಳೆ ಹಿಡಿಯುವ ಮೊದಲು ಕೆಳಗಿನ ತೋಟ ಮುಗಿಯಿತು. 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಮೇಲಿನ ತೋಟ ಬಾಕಿ.’ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಈ ಮದ್ದನ್ನು, ಅಂದರೆ ಬೋರ್ಡೋ ದ್ರಾವಣವನ್ನು, 40-45 ದಿನಗಳ ನಂತರ ಮತ್ತೊಮ್ಮೆ ಹೊಡೆಯಬೇಕಾಗುವುದರಿಂದ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನು ಯಾವಾಗ ಕರೆಯಬೇಕೆಂಬುದು ಫೈಲಿನ ಹೆಸರಿನಿಂದಲೇ ತಿಳಿಯುತ್ತದೆ.

ಹುಡುಕುವಾಗ ಮಾತ್ರ ಕನ್ನಡದ ಸ್ವಭಾವವನ್ನು ನೆನಪಿಡಬೇಕು. ‘ಮದ್ದು’ ಎಂದು ಹುಡುಕಿದರೆ ‘ಮದ್ದಿನ’, ‘ಮದ್ದಿಗೆ’ ಸಿಗುವುದಿಲ್ಲ. ಉಕಾರ ಬಿಟ್ಟು ‘ಮದ್ದ’ ಎಂದಷ್ಟೇ ಕೊಟ್ಟರೆ, ಲಿನಕ್ಸ್‌ನ ಗ್ರೆಪ್‌ನಂತಹ, ಫೈಲುಗಳಲ್ಲಿ ಪದ ಹುಡುಕುವ ಸಾಧನಗಳು ಮೂರನ್ನೂ ಹೆಕ್ಕಿ ಕೊಡುತ್ತವೆ, ಏಕೆಂದರೆ ಯೂನಿಕೋಡಿನಲ್ಲಿ ಗುಣಿತದ ಚಿಹ್ನೆಯು ವ್ಯಂಜನದ ಬಳಿಕ ಬರುವ ಪ್ರತ್ಯೇಕ ಸಂಕೇತ. ಒಂದೇ ವಸ್ತುವಿಗೆ ಒಮ್ಮೆ ಮದ್ದು, ಒಮ್ಮೆ ಔಷಧಿ ಎಂದು ಬರೆಯುವ ಚಪಲವನ್ನಂತೂ ಬಿಡಲೇಬೇಕು. ಪ್ರಬಂಧದಲ್ಲಿ ಅದು ಚೆಂದ, ಟಿಪ್ಪಣಿಯಲ್ಲಿ ತೊಂದರೆ.

ಚಿತ್ರಗಳು ಈ ಪದ್ಧತಿಗೆ ಒಗ್ಗುವುದಿಲ್ಲ. ಕೊಳೆ ತಗುಲಿದ ಅಡಿಕೆ ಗೊನೆಯ ಫೋಟೋ ತೆಗೆದರೆ ಅದಕ್ಕೂ ಅದೇ ತಾರೀಖಿನ ಹೆಸರಿಟ್ಟು ಪಕ್ಕದಲ್ಲಿ ಇಡುತ್ತೇನೆ. ಕೂಡಿ ಕಳೆಯಬೇಕಾದ ಲೆಕ್ಕಕ್ಕೆ ಸ್ಪ್ರೆಡ್‌ಶೀಟೇ ಮೇಲು. ಉಳಿದದ್ದನ್ನೆಲ್ಲ ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುತ್ತೇನೆ, ಅದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.