ಓಟಗಾರರನ್ನು ನಿಲ್ಲಿಸುವ ಹೊಣೆ

ಗುಡ್ಡ, ಕಾಡು, ತೋಟಗಳ ದಾರಿಯಲ್ಲಿ ಐವತ್ತು, ಎಂಬತ್ತು, ನೂರು ಕಿಲೋಮೀಟರ್ ಓಡುವ ಟ್ರೇಲ್ ಸ್ಪರ್ಧೆಗಳಲ್ಲಿ ಹಲವು ವರ್ಷ ಓಟಗಾರನಾಗಿ ಪಾಲ್ಗೊಂಡ ನಾನು, ಈಗ ಕೆಲವು ಗೆಳೆಯರೊಂದಿಗೆ ಸೇರಿ ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ನಡುವೆ ಅಂಥದೇ ಓಟವೊಂದನ್ನು ನಡೆಸುತ್ತಿದ್ದೇನೆ. ತಾವೂ ಹೀಗೊಂದು ಓಟ ಏರ್ಪಡಿಸಬೇಕೆಂದು ಬಯಸುವವರು ನಮ್ಮಲ್ಲಿ ಬಂದು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಪದಕ, ಪ್ರಾಯೋಜಕರು, ನೋಂದಣಿ ಶುಲ್ಕ ಇವುಗಳ ಸುತ್ತಲೇ ಇರುತ್ತವೆ. ನನ್ನ ಮಟ್ಟಿಗೆ ಮೊದಲು ತೀರ್ಮಾನವಾಗಬೇಕಾದ ಸಂಗತಿ ಬೇರೆ. ಓಟಗಾರನೊಬ್ಬನನ್ನು ಯಾರು, ಎಲ್ಲಿ, ಯಾವ ಕಾರಣಕ್ಕೆ ನಿಲ್ಲಿಸಬಹುದು, ನಿಲ್ಲಿಸಿದ ಮೇಲೆ ಅವನನ್ನು ಯಾವ ದಾರಿಯಿಂದ ಕೆಳಗೆ ಕರೆತರಬಹುದು ಎಂಬುದಕ್ಕೆ ಉತ್ತರವಿಲ್ಲದೆ ಯಾವ ಓಟವನ್ನೂ ಆರಂಭಿಸಬಾರದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ, ಹಳದಿ ನದಿಯ ದಡದ ಕಲ್ಲುಗುಡ್ಡಗಳ ನಾಡಿನಲ್ಲಿ ನಡೆದ 100 ಕಿಲೋಮೀಟರ್ ಓಟದಲ್ಲಿ 172 ಮಂದಿ ಹೊರಟಿದ್ದರು. ಅವರಲ್ಲಿ 21 ಮಂದಿ ಚಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲು, ಮಳೆ, ಬಿರುಗಾಳಿ ಒಟ್ಟಿಗೇ ಬಂದಾಗ ಮುಂದಿನ ಸಾಲಿನ ಓಟಗಾರರು ಚಡ್ಡಿ ಮತ್ತು ತೆಳು ಅಂಗಿಯಲ್ಲಿ ಎರಡನೆಯ ಮತ್ತು ಮೂರನೆಯ ಚೆಕ್‌ಪಾಯಿಂಟ್‌ಗಳ ನಡುವಿನ ಏರಿನಲ್ಲಿದ್ದರು. ಸುಮಾರು ಎಂಟು ಕಿಲೋಮೀಟರ್‌ನಲ್ಲಿ ಸಾವಿರ ಮೀಟರ್ ಎತ್ತರ ಹತ್ತಿಸುವ ಆ ಭಾಗಕ್ಕೆ ವಾಹನ ಹೋಗುವ ದಾರಿಯಿರಲಿಲ್ಲ. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಸಾಮಗ್ರಿಯ ಪಟ್ಟಿಯಲ್ಲಿರಲಿಲ್ಲ. ಸತ್ತವರಲ್ಲಿ ಆ ದೇಶದ ಅತ್ಯುತ್ತಮ ಅಲ್ಟ್ರಾ (ಮ್ಯಾರಥಾನ್‌ಗಿಂತ ಹೆಚ್ಚು ದೂರದ) ಓಟಗಾರರಲ್ಲಿ ಒಬ್ಬರಾದ ಲಿಯಾಂಗ್ ಜಿಂಗ್ ಅವರೂ ಇದ್ದರು ಎಂಬುದನ್ನು ಆಯೋಜಕರು ಮರೆಯಬಾರದು, ಏಕೆಂದರೆ ಓಡುವ ಶಕ್ತಿಯೊಂದೇ ಚಳಿಯಿಂದ ಯಾರನ್ನೂ ಕಾಯುವುದಿಲ್ಲ. ಆರು ಮಂದಿಯನ್ನು ಉಳಿಸಿದವರು ಝೂ ಕೆಮಿಂಗ್ ಎಂಬ ಕುರಿಗಾಹಿ. ತಾವು ಆಸರೆ ಪಡೆದಿದ್ದ ಗುಹೆಗೆ ಅವರನ್ನು ಕರೆತಂದು, ಬೆಂಕಿ ಹಾಕಿ, ಹೊದಿಕೆ ಕೊಟ್ಟರು. ಆ ದಿನ ಓಟದ ವ್ಯವಸ್ಥೆ ಮಾಡಬೇಕಾಗಿದ್ದ ಕೆಲಸವನ್ನು ದಾರಿಯಲ್ಲಿ ಸಿಕ್ಕ ಒಬ್ಬ ಮನುಷ್ಯ ಮಾಡಿದರು.

ಇದಕ್ಕೆ ಎದುರಾಗಿ ಯುರೋಪಿನ ಯುಟಿಎಂಬಿ ಓಟವನ್ನು ನೋಡಬಹುದು. 2003ರಲ್ಲಿ ಆರಂಭವಾದ ಈ ಓಟ ಮೌಂಟ್ ಬ್ಲಾಂಕ್ ಪರ್ವತವನ್ನು ಸುತ್ತಿ, ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್‌ಗಳ ಮೂಲಕ ಸುಮಾರು 170 ಕಿಲೋಮೀಟರ್ ಸಾಗುತ್ತದೆ; ಹತ್ತಬೇಕಾದ ಒಟ್ಟು ಎತ್ತರ ಹತ್ತಿರ ಹತ್ತಿರ 10,000 ಮೀಟರ್. ಅದರ ಆಯೋಜಕರು 2010ರಲ್ಲಿ ಹವಾಮಾನ ಕೆಟ್ಟಾಗ ಓಟವನ್ನು ಅರ್ಧದಲ್ಲೇ ನಿಲ್ಲಿಸಿದರು. 2012ರಲ್ಲಿ ದಾರಿಯನ್ನೇ ಬದಲಿಸಿ ಸುಮಾರು 100 ಕಿಲೋಮೀಟರ್‌ಗೆ ಇಳಿಸಿದರು. ಜಗತ್ತಿನ ಮೂಲೆಮೂಲೆಗಳಿಂದ ವಿಮಾನ ಹತ್ತಿ ಬಂದ ಸಾವಿರಾರು ಮಂದಿಗೆ ಅಂಥ ಮಾತು ಹೇಳುವುದು ಸುಲಭವಲ್ಲ. ಮಳೆ ತಡೆಯುವ ಜಾಕೆಟ್, ಹೆಡ್‌ಲ್ಯಾಂಪ್, ಸೀಟಿ, ಮೈಬಿಸಿ ಉಳಿಸುವ ಹೊದಿಕೆ ಇವಿಲ್ಲದೆ ಅಲ್ಲಿ ಯಾರೂ ಹೊರಡುವಂತಿಲ್ಲ.

ನಿಲ್ಲಿಸುವ ಕೆಲಸದಲ್ಲಿ ದಿನನಿತ್ಯದ ಸಾಧನವೆಂದರೆ ಕಟ್‌ಆಫ್ ಸಮಯ. ಇಂತಿಷ್ಟು ಹೊತ್ತಿಗೆ ಇಂಥ ಏಡ್ ಸ್ಟೇಷನ್ (ದಾರಿಯಲ್ಲಿ ಊಟ, ನೀರು, ನೆರವು ಸಿಗುವ ತಂಗುತಾಣ) ತಲುಪದವರು ಮುಂದೆ ಹೋಗುವಂತಿಲ್ಲ ಎಂಬ ಈ ನಿಯಮವನ್ನು ಅನೇಕ ಕಡೆ ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿ ಸಮನಾಗಿ ಹಂಚಿಬಿಡುತ್ತಾರೆ. ಗುಡ್ಡದ ಓಟಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಕೊಟ್ಟ ಸೂತ್ರದ ಪ್ರಕಾರ, ನಡೆಯುವವನು ಗಂಟೆಗೆ ಐದು ಕಿಲೋಮೀಟರ್ ಸಾಗುತ್ತಾನೆ, ಹತ್ತುವ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ ಕೂಡಿಸಬೇಕು. ಅಂತರರಾಷ್ಟ್ರೀಯ ಟ್ರೇಲ್ ಓಟ ಸಂಘವಾದ ಐಟಿಆರ್‌ಎ ಇಂದು ಬಳಸುವ ಲೆಕ್ಕ ಇನ್ನೂ ಸರಳ: ನೂರು ಮೀಟರ್ ಏರು ಒಂದು ಕಿಲೋಮೀಟರ್‌ಗೆ ಸಮ. ಹಾಗಾಗಿ ಎರಡು ಸಾವಿರ ಮೀಟರ್ ಏರಿರುವ 50 ಕಿಲೋಮೀಟರ್ ಓಟವನ್ನು ಎಪ್ಪತ್ತು ಎಂದೇ ಎಣಿಸಬೇಕು, ಅದರಲ್ಲೂ ಏರು ಇರುವ ಕಡೆಗೆ ಹೆಚ್ಚು ಸಮಯ ಕೊಡಬೇಕು. ಹೀಗೆ ಮಾಡದಿದ್ದರೆ ನಿಧಾನವಾಗಿ, ಆದರೆ ಸರಿಯಾಗಿ ಓಡುತ್ತಿರುವವರು ಅನ್ಯಾಯವಾಗಿ ಹೊರಬೀಳುತ್ತಾರೆ. ಸುಸ್ತಾದವರು ಕೊನೆಯ ಕತ್ತಲ ಹೊತ್ತಿನವರೆಗೂ ಗುಡ್ಡದ ಮೇಲೇ ಉಳಿದುಬಿಡುತ್ತಾರೆ.

ಮಲೆನಾಡಿನ ದಾರಿಗೆ ಅದರದೇ ಆದ ಕಷ್ಟಗಳಿವೆ. ಮುಂಗಾರು ಇಳಿದ ಮೇಲೆ, ಕಾಫಿ ಕೊಯ್ಲು ಆರಂಭವಾಗುವುದಕ್ಕೆ ಮುನ್ನ, ತೋಟದ ಮಾಲೀಕರು ಒಪ್ಪುವ ಕೆಲವೇ ವಾರಗಳಲ್ಲಿ ಓಟ ಮುಗಿಯಬೇಕು. ಆ ಹೊತ್ತಿನಲ್ಲಿ ನೆಲ ಇನ್ನೂ ಜಾರುತ್ತಿರುತ್ತದೆ, ಉಂಬಳಗಳ ಕಾಟ ಹೋಗಿರುವುದಿಲ್ಲ, ಮಂಜು ಯಾವಾಗ ಇಳಿಯುತ್ತದೆಂದು ಹೇಳಲಾಗುವುದಿಲ್ಲ. ಆನೆಗಳ ಓಡಾಟದ ಬಗ್ಗೆ ಅರಣ್ಯ ಇಲಾಖೆಯವರನ್ನೂ ತೋಟದ ರೈಟರುಗಳನ್ನೂ ಕೇಳದೆ ನಾವು ರಾತ್ರಿಯ ದಾರಿಯನ್ನು ಗೊತ್ತುಮಾಡುವುದಿಲ್ಲ. ತೋಟದೊಳಗೆ ಒಂದು ಕವಲು ಇನ್ನೊಂದರಂತೆಯೇ ಕಾಣುವುದರಿಂದ ತಿರುವಿಗೆ ಮೊದಲು ಒಂದು, ತಿರುವಿನಲ್ಲಿ ಒಂದು, ತಿರುವು ದಾಟಿದ ಮೇಲೆ ಭರವಸೆಗೆಂದು ಮತ್ತೊಂದು ರಿಬ್ಬನ್ ಕಟ್ಟುತ್ತೇವೆ. ಹೋಗಬಾರದ ಕವಲಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಯುತ್ತೇವೆ, ಮಳೆ ಬಂದರೆ ಮತ್ತೆ ಎಳೆಯುತ್ತೇವೆ. ಮೊಬೈಲ್ ಸಿಗ್ನಲ್ ಸಿಗದ ಕಡೆ ಹ್ಯಾಮ್ ರೇಡಿಯೊ ಹವ್ಯಾಸಿಗಳು ಬಂದು ಕೂರುತ್ತಾರೆ. ಯಾವ ಬಿಬ್ (ಓಟಗಾರರು ಎದೆಗೆ ಹಚ್ಚಿಕೊಳ್ಳುವ ಸಂಖ್ಯೆ) ಯಾವ ಸ್ಟೇಷನ್ ದಾಟಿತು ಎಂಬ ಪಟ್ಟಿ ಅವರ ಮೂಲಕ ಬರದಿದ್ದರೆ ಕಾಣೆಯಾದವರನ್ನು ಎಲ್ಲಿ ಹುಡುಕಬೇಕೆಂಬುದೂ ತಿಳಿಯುವುದಿಲ್ಲ.

ಗುಡ್ಡದ ನೆತ್ತಿಯ ಸಮೀಪ, ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನಲ್ಲಿ ನಮ್ಮದೊಂದು ಏಡ್ ಸ್ಟೇಷನ್ ಇರುತ್ತದೆ. ಬೇಯಿಸಿದ ಆಲೂಗಡ್ಡೆ, ಉಪ್ಪು, ಬಾಳೆಹಣ್ಣು, ಚಿಕ್ಕಿ, ಬಿಸಿ ಗಂಜಿ ಅಲ್ಲಿ ಸಿಗುತ್ತವೆ. ಒಂದು ವರ್ಷ ಮಳೆಯೊಂದಿಗೆ ಗಾಳಿಯೂ ಬೀಸುತ್ತಿದ್ದಾಗ ಒಬ್ಬ ಯುವಕ ಒಳಗೆ ಬಂದು, “ನಂಗೇನೂ ಆಗಿಲ್ಲ ಸರ್, ಒಂದ್ನಿಮಿಷ ಕೂತು ಹೊರಡ್ತೀನಿ” ಎಂದ. ಗಂಜಿ ಕೊಡುತ್ತಿದ್ದ ತೋಟದ ಅಕ್ಕ, “ಹಿಡ್ಕೊ ತಮ್ಮ, ಬಿಸಿ ಇದೆ” ಎಂದು ಲೋಟ ಚಾಚಿದರು. ಅವನ ಬೆರಳುಗಳು ಲೋಟದ ಸುತ್ತ ಮಡಚಿಕೊಳ್ಳಲಿಲ್ಲ. ಅವರು ಲೋಟವನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಕಡೆ ನೋಡಿದರು. ಜಾಕೆಟ್ಟಿನ ಜಿಪ್ ಹಾಕಿಕೊಳ್ಳಲು ಹೇಳಿದೆವು, ಆಗಲಿಲ್ಲ; ಹಿಂದಿನ ಸ್ಟೇಷನ್ನಿನಲ್ಲಿ ಏನು ತಿಂದೆ ಎಂದು ಕೇಳಿದೆವು, ನೆನಪಾಗಲಿಲ್ಲ. “ಇನ್ನು ಹನ್ನೆರಡೇ ಕಿಲೋಮೀಟರ್ ಸರ್” ಎಂದು ಅವನು ಬೇಡಿಕೊಳ್ಳುತ್ತಿದ್ದಾಗಲೇ ಒದ್ದೆ ಬಟ್ಟೆ ಬಿಡಿಸಿ, ಕಂಬಳಿ ಹೊದಿಸಿ, ಜೀಪಿನಲ್ಲಿ ಕೆಳಗೆ ಕಳಿಸಿದೆವು. ಮೈ ತಣ್ಣಗಾದವರ ವಿವೇಚನೆಯೂ ಮಂಕಾಗುವುದರಿಂದ, ನಿಲ್ಲುವ ನಿರ್ಧಾರವನ್ನು ಅಂಥ ಹೊತ್ತಿನಲ್ಲಿ ಅವರ ಮೇಲೆಯೇ ಹೊರಿಸುವುದು ತಪ್ಪು.

ನಮ್ಮಲ್ಲಿ ಈಗ ಒಂದು ನಿಯಮವಿದೆ. ಸ್ಟೇಷನ್ನಿನ ಮುಖ್ಯಸ್ಥರು ಯಾರನ್ನಾದರೂ ನಿಲ್ಲಿಸಿದರೆ ಅದನ್ನು ರದ್ದುಗೊಳಿಸುವ ಅಧಿಕಾರ ಓಟದ ನಿರ್ದೇಶಕರಿಗೂ ಇಲ್ಲ. ಫೋನಿನಲ್ಲಿ ಬರುವ ಶಿಫಾರಸುಗಳು ಇದರಿಂದ ನಿಂತವು.

ನೀರಿನ ವಿಚಾರದಲ್ಲೂ ಎಚ್ಚರ ಬೇಕು. ಬಾಯಾರಿಕೆ ಇಲ್ಲದಿದ್ದರೂ ಗಂಟೆಗಟ್ಟಲೆ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ, ವಾಂತಿ, ತಲೆನೋವು, ಗೊಂದಲ ಶುರುವಾಗುತ್ತವೆ. ಇದನ್ನು ನಿರ್ಜಲೀಕರಣವೆಂದು ತಿಳಿದು ಮತ್ತಷ್ಟು ನೀರು ಕುಡಿಸಿದರೆ ಪ್ರಾಣಕ್ಕೇ ಅಪಾಯ. ಓಟದ ನಡುವೆ ನೋವಿನ ಮಾತ್ರೆ ನುಂಗುವ ಅಭ್ಯಾಸವೂ ಮೂತ್ರಪಿಂಡಗಳಿಗೆ ಕೆಟ್ಟದ್ದು; ಆದ್ದರಿಂದ ನಮ್ಮ ಸ್ವಯಂಸೇವಕರು ಅಂಥ ಮಾತ್ರೆಗಳನ್ನು ಕೊಡುವುದಿಲ್ಲ.

ನಿಲ್ಲಿಸುವುದೆಂದರೆ ಹಿಂದುಳಿದವರನ್ನು ಹೊರದೂಡುವುದಲ್ಲ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ ನೂರು ಮೈಲಿ ಓಟದ ಮಿತಿ 30 ಗಂಟೆ. 2015ರಲ್ಲಿ ಎಪ್ಪತ್ತು ವರ್ಷದ ಗುನ್‌ಹಿಲ್ಡ್ ಸ್ವಾನ್ಸನ್ ಆ ಮಿತಿಗೆ ಆರು ಸೆಕೆಂಡ್ ಬಾಕಿ ಇರುವಾಗ ಗೆರೆ ದಾಟಿದರು. ಅಂಥವರಿಗೂ ಜಾಗವಿರುವಷ್ಟು ಉದಾರವಾಗಿ ಸಮಯವನ್ನು ಗೊತ್ತುಮಾಡಬೇಕು. ಗೊತ್ತುಮಾಡಿದ ಮೇಲೆ ಎಲ್ಲರಿಗೂ ಒಂದೇ ಸಮನಾಗಿ ಪಾಲಿಸಬೇಕು. ಕೊನೆಯವರ ಹಿಂದೆ ನಮ್ಮ ಇಬ್ಬರು ಸ್ವೀಪರುಗಳು ರಿಬ್ಬನ್ ಬಿಚ್ಚುತ್ತಾ ಬರುತ್ತಾರೆ. ಅವರು ದಾಟಿದ ಮೇಲೆ ದಾರಿಯಲ್ಲಿ ಒಬ್ಬರೂ ಉಳಿದಿಲ್ಲವೆಂದು ಖಾತ್ರಿಯಾಗಬೇಕು.

ಶುಲ್ಕ ಕಟ್ಟುವ ಮುನ್ನ ಪ್ರತಿ ಸ್ಟೇಷನ್ನಿನ ಕಟ್‌ಆಫ್, ಜೀಪು ಬರುವ ಜಾಗಗಳು, ಕಡ್ಡಾಯ ಸಾಮಗ್ರಿಯ ಪಟ್ಟಿ, ವೈದ್ಯರಿರುವ ಸ್ಥಳ ಇವನ್ನು ಓಟಗಾರರು ಆಯೋಜಕರಿಂದ ಕೇಳಿ ಪಡೆಯಬೇಕು. ನಮ್ಮ ಓಟದ ಈ ವಿವರಗಳನ್ನು ಈಗ ನೋಂದಣಿಗೆ ಮೊದಲೇ ಪ್ರಕಟಿಸುತ್ತಿದ್ದೇವೆ. ಮುಂದಿನ ಓಟಕ್ಕೆ ದೊಡ್ಡ ಏರಿನ ನೆತ್ತಿಯಲ್ಲಿದ್ದ ಕಟ್‌ಆಫನ್ನು ಏರಿನ ಬುಡಕ್ಕೆ, ಡಾಂಬರು ರಸ್ತೆ ಸೇರುವ ಜಾಗಕ್ಕೆ ಇಳಿಸಿದ್ದೇವೆ. ಅಲ್ಲಿ ನಿಂತವರು ಹತ್ತು ನಿಮಿಷದಲ್ಲಿ ವಾಹನ ಹತ್ತಬಹುದು.